ಗರಡಿಯಲ್ಲಿ ಬೆಳೆದ ಗಾದಿ

ಬಾದಾಮಿಯ ಗುಡ್ಡ ಮೊದಲು ಒಂದೇ ಇತ್ತು. ಗುಳೇದಗುಡ್ಡದ ನೇಕಾರ ಮುರಿಗೆಪ್ಪ ತನ್ನ ಹರೆಯದಲ್ಲಿ ಎರಡು ಕ್ವಿಂಟಲ್ ಜೋಳದ ಚೀಲವನ್ನು ಹಲ್ಲಿನಿಂದ ಕಚ್ಚಿ ಎತ್ತಿ, ಕುತ್ತಿಗೆಯನ್ನು ಒಮ್ಮೆ ಝಾಡಿಸಿ ಹಿಂದಕ್ಕೆ ಒಗೆದ. ಚೀಲ ಊರು ದಾಟಿತು, ಹೊಲ ದಾಟಿತು, ನೇರ ಹೋಗಿ ಆ ಗುಡ್ಡಕ್ಕೆ ಬಡಿಯಿತು. ಗುಡ್ಡ ಎರಡು ಹೋಳಾಯಿತು. ನಡುವೆ ಬಿದ್ದ ತಗ್ಗಿನಲ್ಲಿ ನೀರು ನಿಂತು ಕೆರೆಯಾಯಿತು. ಹಾಗಾದರೆ ಅಲ್ಲಿರುವ ಸಾವಿರಾರು ವರ್ಷದ ಗುಹೆಗಳ ಕತೆಯೇನು ಎಂದು ಯಾರಾದರೂ ಅಡ್ಡಪ್ರಶ್ನೆ ಹಾಕಿದರೆ ಮುರಿಗೆಪ್ಪ ಚಹಾದ ಕಪ್ಪನ್ನು ಕೆಳಗಿಟ್ಟು, ಕನಿಕರದಿಂದ ಅವರ ಮುಖ ನೋಡುತ್ತಿದ್ದ.

"ಅವು ಗುಡ್ಡದ ಹೊಟ್ಯಾಗ ಇದ್ವೋ ತಮ್ಮಾ. ನನ್ನ ಪುಣ್ಯಾದಿಂದ ಬೆಳಕ ಕಂಡಾವು."

ಊರಿನಲ್ಲಿ ಇದನ್ನು ನಂಬಿದವರು ಒಬ್ಬರೂ ಇರಲಿಲ್ಲ, ಕೇಳದೆ ಎದ್ದುಹೋದವರೂ ಒಬ್ಬರಿರಲಿಲ್ಲ. ಯಂತ್ರಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಸೀರೆ ನೇಯ್ದು, ಮಡಚಿ, ಮನೆಬಾಗಿಲಿಗೆ ಹಾರಿಸಿ ಕಳಿಸುತ್ತಿದ್ದ ಆ ಕಾಲದಲ್ಲೂ ಮುರಿಗೆಪ್ಪ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ಕುಪ್ಪಸದ ಖಣ ನೇಯುತ್ತಿದ್ದ. ಅವನು ನೇಯ್ದ ಖಣಕ್ಕೆ ದೇಶಾಂತರದಿಂದ ಜನ ಸಾಲುಗಟ್ಟುತ್ತಿದ್ದರು. ಕಾರಣ ಅವನ ಬಲಗೈ ಹೆಬ್ಬೆರಳು ಮತ್ತು ತೋರುಬೆರಳು. ಕಣ್ಣು ಮುಚ್ಚಿ ಮುಟ್ಟಿದರೂ ಯಾವ ಎಳೆ ಬಿಗಿಯಾಗಿದೆ, ಯಾವುದು ನಾಳೆ ಹರಿಯಲಿದೆ ಎಂದು ಆ ಬೆರಳುಗಳಿಗೆ ಗೊತ್ತಾಗುತ್ತಿತ್ತು. ಇದೊಂದು ಮಾತ್ರ ಮುರಿಗೆಪ್ಪ ಎಂದೂ ಹೇಳಿಕೊಳ್ಳದ ಸಂಗತಿ. ಯಾಕೆಂದರೆ ಅದು ನಿಜವಾಗಿತ್ತು, ನಿಜದಲ್ಲಿ ಅವನಿಗೆ ರುಚಿ ಇರಲಿಲ್ಲ.

ಆ ಎರಡು ಬೆರಳುಗಳೇ ಮರಗಟ್ಟಿದವು.

ಮೊದಲು ಕುತ್ತಿಗೆಯಿಂದ ಒಂದು ಬೆಂಕಿಯ ಎಳೆ ಹೊರಟು ಭುಜ ಹಾದು ತೋಳಿಗಿಳಿಯಿತು. ಆಮೇಲೆ ಬೆರಳ ತುದಿಗಳು ಯಾರದೋ ಬೆರಳುಗಳಂತಾದವು. ಒಂದು ಬೆಳಿಗ್ಗೆ ಲಾಳಿ ಕೈಯಿಂದ ಜಾರಿ ಕುಣಿಯೊಳಗೆ ಬಿತ್ತು. ಮುರಿಗೆಪ್ಪನಿಗೆ ಅದು ಬಿದ್ದದ್ದು ಸಪ್ಪಳದಿಂದಲೇ ಗೊತ್ತಾಯಿತು. ಅವನ ಹೆಂಡತಿ ನಿಂಬೆವ್ವ ಒಲೆಯ ಮುಂದಿನಿಂದ ಎದ್ದು ಬಂದು, ಲಾಳಿ ಎತ್ತಿಕೊಟ್ಟು, ಗಂಡನ ಮುಖ ನೋಡಿದಳು. ಮರುದಿನ ಇಬ್ಬರೂ ಹುಬ್ಬಳ್ಳಿಯ ಬೆನ್ನೆಲುಬಿನ ಆಸ್ಪತ್ರೆಯಲ್ಲಿದ್ದರು.

ಅಲ್ಲಿಯ ಡಾಕ್ಟರ್ ಮೆಹರುನ್ನಿಸಾ ಬಾಗವಾನರ ಬಗ್ಗೆ ಎಷ್ಟು ಹೇಳಿದರೂ ಕಡಿಮೆಯೇ. ಅವರ ಕೈ ಎಷ್ಟು ಸ್ಥಿರವೆಂದರೆ, ಅವರು ಆಪರೇಶನ್ ಮಾಡುವಾಗ ಬೆರಳ ಮೇಲೆ ಕೂತ ನೊಣ ಅದನ್ನು ಗುಡಿಯ ಕಂಬವೆಂದು ತಿಳಿದು ಸಂಸಾರ ಹೂಡುತ್ತಿತ್ತಂತೆ. ಸ್ಟ್ರೆಚರಿನಲ್ಲಿ ಬಂದವರು ಅವರ ನೆರಳು ಬಿದ್ದರೇ ಎದ್ದು ಬಸ್ಸು ಹಿಡಿಯಲು ಓಡುತ್ತಿದ್ದರಂತೆ. ಮುರಿಗೆಪ್ಪನಂಥ ಮುರಿಗೆಪ್ಪನೂ ಅವರ ಮುಂದೆ ಕೈಕಟ್ಟಿ ಕೂತ.

"ಕಾಕಾ, ಕುತ್ತಿಗ್ಯಾಗ ಏಳು ಎಲುಬು ಅದಾವ," ಎಂದರು ಡಾಕ್ಟರು, ಗೋಡೆಯ ಮೇಲೆ ಅವನದೇ ಕುತ್ತಿಗೆಯ ಚಿತ್ರ ಮೂಡಿಸುತ್ತ. "ಎಲುಬಿಗೂ ಎಲುಬಿಗೂ ನಡುವ ಒಂದೊಂದು ಸಣ್ಣ ಗಾದಿ. ಹೊರಗ ಟೈರಿನಂಗ ಗಟ್ಟಿ, ಒಳಗ ಲೋಳೆಸರದ ತಿರುಳಿನಂಗ ಮೆತ್ತಗ. ನಿಮ್ಮದೊಂದು ಗಾದಿ ಒಡದು ತಿರುಳು ಹೊರಗ ಬಂದೈತಿ. ಅದು ಕೈಗೆ ಹೋಗೋ ನರದ ಮ್ಯಾಲ ಕುಂತೈತಿ."

"ಎಬ್ಬಿಸಿ ಕಳಸ್ರಿ ಬಾಯಾರ."

"ಕಳಸೂಣು. ಹಿಂದಕ ಏನ್ ಮಾಡ್ತಿದ್ರು ಅಂದ್ರ, ಒಡದ ಗಾದಿ ತಗದು ಎರಡೂ ಎಲುಬು ಕೂಡಿಸಿ ಬೆಸದು ಬಿಡ್ತಿದ್ರು. ನೋವು ಹೋಗ್ತಿತ್ತು. ಆದ್ರ ಆ ಕೀಲು ಮುಂದ ಬಾಗ್ತಿರ್ಲಿಲ್ಲ. ಆಮ್ಯಾಲ ಲೋಹದ ಗಾದಿ ಬಂದ್ವು. ಈಗ ನಾವು ಗಾದಿ ಬೆಳಸ್ತೀವಿ."

ಮೂಗಿನೊಳಗಿನ ಮೆತ್ತನೆಯ ಎಲುಬಿನಿಂದ ಸಾಸಿವೆಯಷ್ಟು ಚೂರು ತೆಗೆದು, ಗಾಜಿನ ಪಾತ್ರೆಯಲ್ಲಿಟ್ಟು, ಅದರಿಂದ ಹೊಸ ಗಾದಿ ಬೆಳೆಸುವುದು. ಆದರೆ ಸುಮ್ಮನೆ ಬೆಳೆದ ಗಾದಿ ಕೂಸಿದ್ದಂತೆ, ಅದಕ್ಕೆ ಭಾರ ಗೊತ್ತಿಲ್ಲ. ಹಾಗಾಗಿ ಪಾತ್ರೆಯೊಳಗೆ ಉಕ್ಕಿನ ಸಣ್ಣ ಬೆರಳುಗಳು ಹಗಲಿಡೀ ಅದನ್ನು ಒತ್ತುತ್ತವೆ, ಬಾಗಿಸುತ್ತವೆ, ತಿರುಚುತ್ತವೆ. ರೋಗಿಯ ಕುತ್ತಿಗೆ ದಿನವೂ ಏನೇನು ಮಾಡುತ್ತದೋ ಅದನ್ನೇ ಅದಕ್ಕೆ ಕಲಿಸುತ್ತವೆ. ಆಸ್ಪತ್ರೆಯವರು ಆ ಕೋಣೆಗೆ ಗರಡಿ ಎಂದೇ ಹೆಸರಿಟ್ಟಿದ್ದರು.

"ಒಂದು ಮಾತು ನೆನಪಿಡ್ರಿ," ಎಂದರು ಡಾಕ್ಟರು. "ಗಾದಿ ಮೆತ್ತಗಾದ್ರ ಅದು ಒಡೀತೈತಿ. ಬೇಕಾದ್ದಕ್ಕಿಂತ ಗಟ್ಟಿ ಆದ್ರ ಮ್ಯಾಲಿಂದು, ಕೆಳಗಿಂದು ಎರಡೂ ಒಡೀತಾವ. ಆವಾಗ ಬರೇ ಕೈ ಅಲ್ಲ, ಕಾಲೂ ಹೋಗ್ತಾವ. ಗರಡಿಯವರು ಕೇಳಿದ್ದಕ್ಕ ಇದ್ದದ್ದು ಇದ್ದಂಗ ಹೇಳ್ರಿ."

ಗರಡಿಯ ಮುಖ್ಯಸ್ಥ ಜಿನದತ್ತ ಬೆಳಗಾವಿ ಕಡೆಯವನು, ನಗುಮುಖದವನು. ನಿಂಬೆವ್ವ ಔಷಧ ತರಲು ಹೋಗಿದ್ದಾಗ ಅವನು ಮುರಿಗೆಪ್ಪನ ಎದುರು ಬಂದು ಕೂತ. ಸುತ್ತ ಬೆಂಚುಗಳ ಮೇಲೆ ಕಾಯುತ್ತಿದ್ದ ಮಂದಿ ಬೇಸರ ಕಳೆಯಲು ಏನಾದರೂ ಸಿಕ್ಕೀತೇ ಎಂದು ಇತ್ತಲೇ ಕಿವಿಯಿಟ್ಟಿದ್ದರು.

"ಕಾಕಾ, ಈ ಕುತ್ತಿಗಿ ಇಷ್ಟ ವರ್ಷ ಏನ್ ಕೆಲಸ ಮಾಡೇತಿ?"

ಮುರಿಗೆಪ್ಪ ಬಾಯಿ ತೆರೆದ. 'ಮಗ್ಗದ ಮುಂದೆ ಬಾಗಿದೆ' ಎಂಬ ಮಾತು ನಾಲಗೆಯವರೆಗೂ ಬಂತು. ಆದರೆ ಅಷ್ಟು ಮಂದಿಯ ಮುಂದೆ ಅದು ಎಷ್ಟು ಚಿಕ್ಕದಾಗಿ ಕಂಡಿತು! ಬಾಗಿದೆಯಂತೆ! ಬಾಳೆಗಿಡವೂ ಬಾಗುತ್ತದೆ. ಮುರಿಗೆಪ್ಪನ ನಾಲಗೆ ಆ ಮಾತನ್ನು ಒಳಕ್ಕೆ ನುಂಗಿ, ತನಗೆ ಅಭ್ಯಾಸವಿದ್ದ ದಾರಿ ಹಿಡಿಯಿತು.

"ಏನ್ ಮಾಡಿಲ್ಲ ಅಂತ ಕೇಳೋ ತಮ್ಮಾ. ಹೋದ ಸಂಕ್ರಾಂತಿಗೂ ಹಲ್ಲಿಲೆ ಚೀಲ ಎತ್ತೇನಿ."

ಬೆಂಚುಗಳು ಜೀವ ಪಡೆದವು. ಒಬ್ಬ ಹತ್ತಿರ ಸರಿದ, ಇನ್ನೊಬ್ಬ ಮಲಗಿದ್ದವನು ಎದ್ದು ಕೂತ. ಬಾದಾಮಿಯ ಗುಡ್ಡ ಮತ್ತೊಮ್ಮೆ ಸೀಳಿತು. ಜಿನದತ್ತ ನಗುತ್ತ ಒಂದು ತೆಳ್ಳನೆಯ ಕೊರಳಪಟ್ಟಿ ತೆಗೆದ.

"ಬಾಯಿಮಾತಿನ ಮ್ಯಾಲ ನಾವು ಗಾದಿ ಬೆಳಸೂದಿಲ್ರಿ. ಈ ಪಟ್ಟಿ ಕಟ್ಗೊಂಡು ಒಂದು ವಾರ ನಿಮ್ಮ ಕೆಲಸ ನೀವು ಮಾಡ್ರಿ. ಎಷ್ಟು ಭಾರ ಬಿತ್ತು, ಎಷ್ಟು ಬಾಗಿದ್ರಿ, ಎಲ್ಲಾ ಇದ ಹೇಳತೈತಿ."

ಊರಿಗೆ ಹೋಗುವ ದಾರಿಯುದ್ದಕ್ಕೂ ಆ ಪಟ್ಟಿ ಮುರಿಗೆಪ್ಪನ ಕೊರಳಲ್ಲಿ ಹಾವಿನಂತೆ ಕೂತಿತ್ತು. ವಾರದ ನಂತರ ಅದು ಹುಬ್ಬಳ್ಳಿಗೆ ಹೋಗಿ, 'ಈ ಮನುಷ್ಯ ಕಡ್ಡಿಯನ್ನೂ ಎತ್ತಿಲ್ಲ' ಎಂದು ಎಲ್ಲರ ಮುಂದೆ ಉಸುರುವುದು ಖಂಡಿತ. ಮಾನ ಉಳಿಸಿಕೊಳ್ಳಲು ಮುರಿಗೆಪ್ಪ ಭೂಮಂಡಲದಲ್ಲಿ ಬೇರೆ ಯಾರೂ ಮಾಡದ ಕೆಲಸ ಮಾಡಿದ. ಸಂತೆಪೇಟೆಗೆ ಹೋಗಿ ಹಮಾಲ ಯಮನಪ್ಪನನ್ನು ಹುಡುಕಿದ. ಯಮನಪ್ಪ ಖರೇ ಪೈಲ್ವಾನ. ಹಬ್ಬದ ಪಂದ್ಯಗಳಲ್ಲಿ ಜೋಳದ ಚೀಲವನ್ನು ಹಲ್ಲಿನಿಂದ ಎತ್ತಿ ಬೆನ್ನ ಹಿಂದೆ ಒಗೆಯುವವನು. ಮುರಿಗೆಪ್ಪ ಅವನ ಕೊರಳಿಗೆ ಆ ಪಟ್ಟಿ ಕಟ್ಟಿದ.

"ಇದೇನೋ ಮಾವಾ, ನಾಯಿಗೆ ಕಟ್ಟಿದಂಗ?"

"ಹುಬ್ಬಳ್ಳಿ ಡಾಕ್ಟರು ಊರಿನ ದೊಡ್ಡ ಪೈಲ್ವಾನಗ ಕಳಿಸ್ಯಾರ. ಒಂದು ವಾರ ಬಿಚ್ಚಬ್ಯಾಡ."

"ನನ್ನ ಹೆಸರ ಅವರಿಗೆ ಹೆಂಗ ಗೊತ್ತು?"

"ನಾ ಹೇಳೇನಿ," ಎಂದ ಮುರಿಗೆಪ್ಪ. ತನ್ನ ಹೆಸರನ್ನು ಇನ್ನೊಬ್ಬನ ಕೊರಳಿಗೆ ಕಟ್ಟಿ ಬಂದದ್ದು ಅವನಿಗೆ ಅಷ್ಟೇನೂ ಸುಳ್ಳೆನಿಸಲಿಲ್ಲ.

ವಾರ ಕಳೆದು ಪಟ್ಟಿ ಆಸ್ಪತ್ರೆಗೆ ಮರಳಿತು. ಅತ್ತ ಹುಬ್ಬಳ್ಳಿಯ ಗರಡಿಯಲ್ಲಿ ಮುರಿಗೆಪ್ಪನ ಮೂಗಿನ ಚೂರು ಗಾದಿಯಾಗತೊಡಗಿತು. ಎಂಥ ಗಾದಿ! ಪಟ್ಟಿ ಹೇಳಿದಂತೆ ಉಕ್ಕಿನ ಬೆರಳುಗಳು ಅದನ್ನು ಜಗ್ಗಿದವು, ಗುದ್ದಿದವು, ಹಿಂಡಿದವು. ಗಾದಿ ಅಂಜಲಿಲ್ಲ. ಹೊರಸುತ್ತು ಪದರದ ಮೇಲೆ ಪದರ ಕಟ್ಟಿ ಎಮ್ಮೆಯ ಚರ್ಮದಂತಾಯಿತು. ರಾತ್ರಿ ಅದು ಪಾತ್ರೆಯೊಳಗೇ ದಂಡ ಹೊಡೆಯುತ್ತದೆ ಎಂದು ಕಾವಲುಗಾರರು ಆಣೆ ಮಾಡಿದರು. ಜಿನದತ್ತ ಪಾತ್ರೆಯ ಮುಂದೆ ನಿಂತರೆ ಕೈಮುಗಿಯುವುದೊಂದು ಬಾಕಿ.

"ಮೇಡಂ, ಇಂಥದ್ದೊಂದು ಗಾದಿ ನಾ ಕಂಡಿಲ್ಲ."

ಡಾಕ್ಟರ್ ಬಾಗವಾನರು ಗಾದಿಯನ್ನು ನೋಡಿದರು, ಪಕ್ಕದ ಪರದೆಯ ಮೇಲಿದ್ದ ಮುರಿಗೆಪ್ಪನ ಎಲುಬುಗಳ ಚಿತ್ರವನ್ನು ನೋಡಿದರು. ಭಾರ ಹೊರುವವನ ಎಲುಬು ಭಾರಕ್ಕೆ ತಕ್ಕಂತೆ ದಪ್ಪವಾಗುತ್ತದೆ. ಈ ಎಲುಬುಗಳು ತೆಳ್ಳಗಿದ್ದವು.

"ಎಲುಬು ಬ್ಯಾರೇನ ಹೇಳಾಕತ್ತಾವ."

"ಪಟ್ಟಿ ಸುಳ್ಳ ಹೇಳತೈತೇನ್ರಿ?"

"ಪಟ್ಟಿ ಸುಳ್ಳ ಹೇಳೂದಿಲ್ಲ ಜಿನದತ್ತ. ಎಲುಬೂ ಹೇಳೂದಿಲ್ಲ. ಅದ ನನ್ನ ತ್ರಾಸ."

ಇತ್ತ ಗುಳೇದಗುಡ್ಡದಲ್ಲಿ ಮುರಿಗೆಪ್ಪನ ಕೈ ದಿನದಿನಕ್ಕೆ ಸೋಲುತ್ತಿತ್ತು. ಚಹಾದಂಗಡಿಯಲ್ಲಿ, "ನನ್ನ ಗಾದಿ ಹುಬ್ಬಳ್ಳ್ಯಾಗ ರೈಲಿನ ಡಬ್ಬಿ ಜಗ್ಗಾಕತ್ತೈತಿ" ಎಂದು ಹೇಳಿ ನಗಿಸಿ ಬರುತ್ತಿದ್ದ. ಮನೆಗೆ ಬಂದರೆ ಅಂಗಿಯ ಗುಂಡಿ ಹಾಕಿಕೊಳ್ಳಲು ಆಗುತ್ತಿರಲಿಲ್ಲ. ನಿಂಬೆವ್ವ ಹಾಕುತ್ತಿದ್ದಳು. ಮಗ್ಗದ ಮೇಲೆ ಅರ್ಧಕ್ಕೆ ನಿಂತ ಖಣ, ಧೂಳು ಬೀಳದಂತೆ ಅವಳು ಹೊದಿಸಿದ್ದ ಹಳೆಯ ಸೀರೆ. ಒಮ್ಮೆ ಅವನು ಆ ಸೀರೆ ಸರಿಸಿ ಎಳೆಗಳ ಮೇಲೆ ಹೆಬ್ಬೆರಳು ಆಡಿಸಿದ. ಏನೂ ತಿಳಿಯಲಿಲ್ಲ. ನೀರಿನ ಮೇಲೆ ಕೈಯಾಡಿಸಿದಂತಿತ್ತು, ನೀರಿನ ತಂಪೂ ಇಲ್ಲ.

"ಏನ್ರಿ," ಎಂದಳು ನಿಂಬೆವ್ವ ಗುಂಡಿ ಹಾಕುತ್ತ, "ದವಾಖಾನ್ಯಾಗ ಕೇಳಿದ್ದಕ್ಕೆಲ್ಲಾ ಖರೆ ಹೇಳೀರಿಲ್ಲೋ?"

"ಹೇಳೇನಿ."

"ನಿಮ್ಮ ಖರೆನೋ, ಮಂದಿ ಖರೆನೋ?"

ಮುರಿಗೆಪ್ಪ ಅಂಗಿಯ ಗುಂಡಿಯ ಕಡೆ ನೋಡಿದ. ಹೇಳಿಬಿಡಬೇಕು. ಬೇಕಾದ್ದಕ್ಕಿಂತ ಗಟ್ಟಿಯಾದರೆ ಕಾಲೂ ಹೋಗುತ್ತವೆ ಎಂದಿದ್ದರು ಡಾಕ್ಟರು. ಅಷ್ಟರಲ್ಲಿ ಗಾದಿ ಸಿದ್ಧವಾಗಿದೆ, ಹೊರಟು ಬನ್ನಿ ಎಂದು ಆಸ್ಪತ್ರೆಯಿಂದ ಕರೆ ಬಂತು.

ವಾರ್ಡಿನಲ್ಲಿ ಮುರಿಗೆಪ್ಪನಿಗೆ ಮದುವೆ ಗಂಡಿಗೆ ಆಗುವಂಥ ಸ್ವಾಗತವಾಯಿತು. ಅವನ ಗಾದಿಯ ಕೀರ್ತಿ ಅವನಿಗಿಂತ ಮುಂಚೆ ಬಂದು ಮಂಚ ಹಿಡಿದಿತ್ತು. ನರ್ಸುಗಳು ಕುತ್ತಿಗೆ ಮುಟ್ಟಿ ನೋಡಿದರು. ಪಕ್ಕದ ಮಂಚದ ನಿವೃತ್ತ ಮಾಸ್ತರರು ಜೊತೆಗೆ ಫೋಟೋ ತೆಗೆಸಿಕೊಂಡರು. ಡಾಕ್ಟರ್ ಬಾಗವಾನರು ಬಂದಾಗ ವಾರ್ಡೆಲ್ಲ ಅವನ ಸುತ್ತ ನೆರೆದಿತ್ತು.

"ಕಾಕಾ, ಕಡೀ ಸಲ ಕೇಳ್ತೇನಿ. ಆ ಪಟ್ಟಿ ವಾರಪೂರ್ತಿ ನಿಮ್ಮ ಕೊರಳಾಗ ಇತ್ತಲ್ಲ?"

ಇಷ್ಟು ಜನ. ಇಷ್ಟು ಕಣ್ಣು. ಮಾಸ್ತರರು ಆಗಲೇ ಆ ಫೋಟೋವನ್ನು ಮೊಮ್ಮಕ್ಕಳಿಗೆ ಕಳಿಸಿದ್ದರು.

"ಇತ್ರಿ ಬಾಯಾರ."

ಅಂದದ್ದೇ ಹೊದಿಕೆಯೊಳಗೆ ಕಾಲ ಬೆರಳುಗಳನ್ನು ಆಡಿಸಿ ನೋಡಿಕೊಂಡ.

ಆಪರೇಶನ್ ಕೋಣೆ ಬಿಳಿ ಬೆಳಕಿನಲ್ಲಿ ಮಿನುಗುತ್ತಿತ್ತು. ಮದ್ದು ಕೊಟ್ಟು ಮಲಗಿಸುವ ಡಾಕ್ಟರ್ ತಿಮ್ಮನಗೌಡರು ಬಾಯಿಗಿಂತ ಕೈ ಹೆಚ್ಚು ಆಡಿಸುವವರು. ಮೊದಲ ತಪಾಸಣೆಯಲ್ಲಿ ಅವರ ಸಹಾಯಕರು, "ಹಲ್ಲು ಎಲ್ಲಾ ನಿಮ್ಮವ ಏನ್ರಿ?" ಎಂದು ಕೇಳಿದ್ದಕ್ಕೆ ಮುರಿಗೆಪ್ಪ ಎದೆಯುಬ್ಬಿಸಿ ಹೌದೆಂದಿದ್ದ. ಗೌಡರು ಯಾರ ಮಾತನ್ನೂ ನಂಬುವವರಲ್ಲ. ಮಲಗಿಸುವ ಮುನ್ನ ಪ್ರತಿಯೊಬ್ಬರ ಬಾಯೊಳಗೆ ತಾವೇ ಬ್ಯಾಟರಿ ಬಿಡುತ್ತಿದ್ದರು, ಸಡಿಲ ಹಲ್ಲು ಉಸಿರಿನ ದಾರಿಗೆ ಬೀಳಬಾರದೆಂದು. ಮದ್ದಿನ ಮೊದಲ ಹನಿ ನರಕ್ಕೆ ಇಳಿದಿತ್ತು.

"ಬಾಯಿ ತಗೀರಿ. ಇನ್ನೂ ದೊಡ್ಡದು."

ಗೌಡರ ಎರಡು ಬೆರಳು ಒಳಗೆ ಹೋದವು. ಟಕ್ ಎಂದಿತು. ಮೇಲಿನ ಹಲ್ಲುಗಳ ಸಾಲು ಇಡಿಯಾಗಿ, ನಸುಗೆಂಪು ಒಸಡಿನ ಸಮೇತ, ಅವರ ಕೈಯಲ್ಲಿ ಹೊರಬಂತು. ಹಲ್ಲಿನಿಂದ ಚೀಲ ಎತ್ತಿ ಗುಡ್ಡ ಸೀಳಿದವನ ಹಲ್ಲುಗಳು ಬೆಳಕಿನಲ್ಲಿ ಫಳಫಳ ಹೊಳೆದವು. ಕೋಣೆಯಲ್ಲಿ ಯಾರೂ ನಗಲಿಲ್ಲ.

"ಮೆಹರು ಮೇಡಂ," ಎಂದರು ಗೌಡರು, "ಇಲ್ಲಿ ನೋಡ್ರಿ."

ಮುರಿಗೆಪ್ಪ ತಲೆಯೆತ್ತಲು ಹೋದ. ಈಗ ಹೇಳದಿದ್ದರೆ ಇನ್ನೆಂದಿಗೆ? "ಗಾದಿ... ನಂದಲ್ಲ... ಯಮ... ಯಮ..." ಎಂದ. ನರ್ಸು ಅವನ ಹಣೆ ಸವರಿ, "ಅಂಜಬ್ಯಾಡ್ರಿ ಕಾಕಾ, ಅವ ಬಾಗಿಲದಾಗ ಕಾಯಾಕತ್ತಿದ್ರೂ ನಮ್ಮ ಮೇಡಂ ಒಳಗ ಬಿಡೂದಿಲ್ಲ" ಎಂದಳು. ಯಮನಪ್ಪ ಎಂಬ ಪೂರ್ತಿ ಹೆಸರು ಅವನ ತುಟಿಗೆ ಬರುವ ಮೊದಲೇ ನಿದ್ದೆ ಬಂದು ಅಪ್ಪಿತು.

ಅವನು ಮಲಗಿದನೆಂದು ಮುಂದಿನದನ್ನು ನಾವೇಕೆ ಬಿಡಬೇಕು? ಡಾಕ್ಟರ್ ಬಾಗವಾನರು ಕುತ್ತಿಗೆಯ ಮುಂಭಾಗದಲ್ಲಿ, ಚರ್ಮದ ಸಹಜ ಮಡಿಕೆಯಲ್ಲೇ ಬೆರಳಗಲದ ಗೆರೆ ಕೊಯ್ದರು. ಆಮೇಲೆ ಕತ್ತರಿಸಿದ್ದು ಕಡಿಮೆ, ಸರಿಸಿದ್ದೇ ಹೆಚ್ಚು. ಉಸಿರಿನ ಕೊಳವೆ, ಅನ್ನದ ಕೊಳವೆ ಒಂದು ಕಡೆ, ಮಿದುಳಿಗೆ ರಕ್ತ ಒಯ್ಯುವ ದೊಡ್ಡ ನಾಳ ಇನ್ನೊಂದು ಕಡೆ. ತುಂಬಿದ ಮನೆಯಲ್ಲಿ ಮಲಗಿದವರನ್ನು ಎಬ್ಬಿಸದೆ ದಾಟುವ ಹೆಣ್ಣುಮಗಳಂತೆ ಅವರ ಕೈ ನಡುವಿನ ಸಂದಿಯಲ್ಲಿ ನಡೆದು ಎಲುಬಿನ ಮುಂದೆ ನಿಂತಿತು. ಮೈಕ್ರೋಸ್ಕೋಪಿನಲ್ಲಿ ಒಡೆದ ಗಾದಿ ಊರಷ್ಟು ದೊಡ್ಡದಾಗಿ ಕಂಡಿತು. ಚೂರು ಚೂರಾಗಿ ಅದನ್ನು ತೆಗೆದರು. ಕೊನೆಯ ಚೂರು ನರಕ್ಕೆ ಅಂಟಿ ಕೂತಿತ್ತು. ಆಗ ಇಡೀ ಕೋಣೆ ಉಸಿರು ಬಿಗಿಹಿಡಿಯಿತು. ಗೋಡೆಯ ಗಡಿಯಾರವೂ ಬಿಗಿಹಿಡಿಯಿತೆಂದು ನರ್ಸು ಇವತ್ತಿಗೂ ಹೇಳುತ್ತಾಳೆ. ಡಾಕ್ಟರರ ಬೆರಳುಗಳು ಮಾತ್ರ ಅವಸರ ಮಾಡಲಿಲ್ಲ. ಚೂರು ಬಿಟ್ಟುಕೊಂಡಿತು. ಚಪ್ಪಟೆಯಾಗಿದ್ದ ನರ ಮೆಲ್ಲಗೆ ದುಂಡಗಾಗಿ, ನಾಡಿಯೊಂದಿಗೆ ಮಿಡಿಯಿತು.

ಜಿನದತ್ತ ಗಾದಿಯ ಪಾತ್ರೆಯನ್ನು ದೇವರ ಪಲ್ಲಕ್ಕಿಯಂತೆ ಹೊತ್ತು ತಂದ.

ಡಾಕ್ಟರು ಕೈ ಚಾಚಲಿಲ್ಲ. ಎದುರಿಗಿದ್ದ ಎಲುಬಿನ ಅಂಚನ್ನೇ ನೋಡುತ್ತಿದ್ದರು. ಮುಂದಿನ ಅಂಚು ಬಾಗಿ ಬಾಗಿ ಸವೆದಿತ್ತು, ಹೊಸ್ತಿಲು ಸವೆದಂತೆ. ಭಾರಕ್ಕೆ ನಜ್ಜಿದ ಗುರುತು ಎಲ್ಲೂ ಇಲ್ಲ. ಪಕ್ಕದ ತಟ್ಟೆಯಲ್ಲಿ ಹಲ್ಲಿನ ಸಾಲು ಇತ್ತು.

"ಇದನ್ನ ತಿರುಗಿ ಒಯ್ರಿ."

"ಮೇಡಂ! ಇಷ್ಟು ಚಂದದ ಗಾದಿ!"

"ಚಂದ ಐತಿ. ಇವರದಲ್ಲ. ಸದ್ಯಕ್ಕ ಗಾದಿ ಜಾಗಾದಾಗ ಒಂದು ಬಿಲ್ಲೆ ಇಟ್ಟು ಹೊಲೀತೇನಿ."

ಮುರಿಗೆಪ್ಪ ಕಣ್ಣು ಬಿಟ್ಟಾಗ ವಾರ್ಡಿನ ಕಿಟಕಿಯಿಂದ ಬಿಸಿಲು ಬಿದ್ದಿತ್ತು. ಬಲಗೈ ಹೊದಿಕೆಯ ಮೇಲಿತ್ತು. ಹೆಬ್ಬೆರಳಿನ ಕೆಳಗೆ ಏನೋ ಒರಟಾಗಿ ತಾಕಿತು. ಉಣ್ಣೆಯ ಎಳೆ. ಅದರ ಪಕ್ಕ ಇನ್ನೊಂದು, ಸ್ವಲ್ಪ ಸಡಿಲು. ನೇಯ್ದವನು ಅಡ್ಡಾದಿಡ್ಡಿ ಕೈಯವನು ಎಂದು ಬೆರಳಿಗೆ ತಿಳಿಯಿತು. ಮುರಿಗೆಪ್ಪನ ಕಣ್ಣು ತುಂಬಿತು. ಮರುಕ್ಷಣ ಗಾದಿ ನೆನಪಾಯಿತು.

"ಇಟ್ಟ್ರೇನ್ರಿ?" ಎಂದ. ದನಿ ಗೊಗ್ಗರಾಗಿತ್ತು, ಹಲ್ಲಿಲ್ಲದ ಬಾಯಿಂದ ಗಾಳಿ ಸೋರುತ್ತಿತ್ತು. "ಆ ಗಾದಿ ಒಳಗ ಇಟ್ಟ್ರೇನ್ರಿ ಬಾಯಾರ?"

ಮಂಚದ ಪಕ್ಕ ಡಾಕ್ಟರ್ ಬಾಗವಾನರು ಕೂತಿದ್ದರು, ಮಡಿಲಲ್ಲಿ ಗಾಜಿನ ಪಾತ್ರೆ. ಜಿನದತ್ತ ಕಾಲ್ದೆಸೆಯಲ್ಲಿ ನಿಂತಿದ್ದ. ನಿಂಬೆವ್ವ ತಲೆದೆಸೆಯಲ್ಲಿ. ಸುತ್ತಲಿನ ಮಂಚಗಳೆಲ್ಲ ಇತ್ತಲೇ ನೋಡುತ್ತಿದ್ದವು.

"ಇಟ್ಟಿಲ್ಲ. ಒಳಗ ಬಿಲ್ಲೆ ಐತಿ. ಅದು ಒಂದಿಷ್ಟು ದಿನ ನಡೀತೈತಿ, ಜನ್ಮಪೂರ್ತಿ ಅಲ್ಲ. ಈ ಗಾದಿ ಇನ್ನೂ ಎಳೇದೈತಿ, ಮರಳಿ ಕಲಿಸಬಹುದು. ಆದ್ರ ಏನ್ ಕಲಿಸ್ಲಿ ಕಾಕಾ? ಈ ಸಲ ತಪ್ಪಿದ್ರ ಮತ್ತೊಂದು ಬೆಳಸೋಷ್ಟು ವ್ಯಾಳ್ಯಾ ನಿಮ್ಮ ಕುತ್ತಿಗಿಗಿಲ್ಲ."

ಮುರಿಗೆಪ್ಪ ಸುತ್ತ ನೋಡಿದ. ಮಾಸ್ತರರು ಕನ್ನಡಕ ಸರಿಮಾಡಿಕೊಂಡರು. ತೋರುಬೆರಳು ಹೊದಿಕೆಯ ಸಡಿಲು ಎಳೆಯನ್ನು ಬಿಡದೆ ಹಿಡಿದಿತ್ತು.

"ಪಟ್ಟಿ ನನ್ನ ಕೊರಳಾಗ ಇರ್ಲಿಲ್ರಿ," ಎಂದ. "ಹಮಾಲ ಯಮನಪ್ಪಗ ಕಟ್ಟಿದ್ದೆ. ಅವ ಪೈಲ್ವಾನ. ನಾ ಅಲ್ಲ."

ಜಿನದತ್ತ ಡಾಕ್ಟರರ ಮಡಿಲಿನ ಪಾತ್ರೆಯ ಕಡೆ ನೋಡಿದ.

"ಮತ್ತ ನಿಮ್ಮ ಕುತ್ತಿಗಿ ಏನ್ ಮಾಡೇತಿ?" ಎಂದರು ಡಾಕ್ಟರು.

"ಬಾಗೇತ್ರಿ. ಅಷ್ಟ. ಮುಂಜಾನೆ ಮಗ್ಗಕ್ಕ ಕುಂತ್ರ ಬಾಗಿದ್ದು, ಹೊತ್ತ ಮುಣಗೂತನಕ ಬಾಗಿದ್ದು. ಎಳಿ ಹರದ್ರ ಇನ್ನೊಂದಿಷ್ಟು ಬಾಗಿ ಹುಡುಕೂದು. ಗಂಟ ಹಾಕೂದು. ಇಕಿ ಚಹಾ ತಂದಾಗ ಒಮ್ಮೆ ಮ್ಯಾಲ ನೋಡೂದು, ಮತ್ತ ಬಾಗೂದು. ಒಂದು ಕೊಡ ನೀರೂ ಹೊತ್ತಿಲ್ಲ ಇದು. ಹೇಳಾಕ ಏನೂ ಇಲ್ರಿ ಅದರಾಗ."

"ಹೇಳಾಕ ಇಲ್ಲಾ?" ಎಂದಳು ನಿಂಬೆವ್ವ. ಸೆರಗಿನಿಂದ ಮೂಗು ಒರೆಸಿಕೊಂಡಳು. "ನಾ ತೊಟ್ಟ ಖಣ ಮತ್ತೇನ್ರಿ?"

ಡಾಕ್ಟರು ಜಿನದತ್ತನ ಕಡೆ ತಿರುಗಿ, "ಬಾಗೂದು ಕಲಸ್ರಿ. ಅದು ಚೀಲ ಎತ್ತೂದಕ್ಕಿಂತ ಕಠಿಣ ಐತಿ, ಹಗಲೆಲ್ಲಾ ಹೊರಬೇಕು" ಎಂದರು. ಅವನು ಪಾತ್ರೆ ತೆಗೆದುಕೊಂಡು, ಅದೇ ಭಕ್ತಿಯಿಂದ, ಗರಡಿಯ ಕಡೆ ನಡೆದ. ಡಾಕ್ಟರೂ ಎದ್ದರು. ಬಾಗಿಲವರೆಗೆ ಹೋಗಿ ನಿಂತರು.

"ಕಾಕಾ, ಗಾದಿಗೆ ಇದು ಬೇಕಾಗಿಲ್ಲ, ನನಗ ಬೇಕು. ಆ ಜ್ವಾಳದ ಚೀಲ? ಅದನ್ನೂ ಮುಟ್ಟಿಲ್ಲೇನು?"

"ಮುಟ್ಟೇನ್ರಿ," ಎಂದ ಮುರಿಗೆಪ್ಪ. "ಹರೇದಾಗ ಒಂದ ಸಲ. ಪಂದ್ಯೇಕ ನಿಂತು, ಗಟ್ಟಿ ಕಚ್ಚಿ, ಜೀವ ಬಿಟ್ಟು ಮ್ಯಾಲ ಜಗ್ಗಿದೆ."

"ಎದ್ದಿತೇನು?"

"ನಾ ಎದ್ದೆ ಬಾಯಾರ. ಚೀಲ ಅಲ್ಲೇ ಇತ್ತು. ಹಲ್ಲ ಅದರಾಗ ಉಳದ್ವು."